ಮೂರು ಗುರುವಾರಗಳ ನವೆಂಬರ್ ಒಂದು

ಎಪ್ಪತ್ತರ ದಶಕದಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಓದಿದ ನಮ್ಮ ವಾರಿಗೆಯವರಿಗೆ ಬೆಳಗಿನ ಪ್ರಾರ್ಥನೆಯ ಕ್ರಮ ಇನ್ನೂ ಬಾಯಿಪಾಠವಾಗಿಯೇ ಇರುತ್ತದೆ. ನಾಡಗೀತೆ ಮುಗಿದ ಮೇಲೆ ಒಬ್ಬ ಗಾದೆ ಹೇಳಬೇಕು, ಇನ್ನೊಬ್ಬ ವಾರ್ತೆ ಓದಬೇಕು, ಕೊನೆಗೆ ಮತ್ತೊಬ್ಬ 'ದಿನದ ವಿಶೇಷ' ಹೇಳಬೇಕು. ಇದೇ ತಾರೀಖು ಹಿಂದೆ ಯಾವ ಯಾವ ವರ್ಷ ಏನೇನು ನಡೆದಿತ್ತು ಅನ್ನುವುದೇ ಆ ವಿಶೇಷ. ನಮ್ಮ ಸಮಾಜದ ಮೇಷ್ಟ್ರು ಇದಕ್ಕೆಂದೇ ಒಂದು ದಪ್ಪ ಡೈರಿ ಇಟ್ಟಿದ್ದರು. ಮಧ್ಯಾಹ್ನದ ಬಸ್ಸಿಗೆ ಕಿಬ್ಬನಹಳ್ಳಿ ಕ್ರಾಸಿನಿಂದ ಬರುತ್ತಿದ್ದ ಪೇಪರನ್ನು ಓದಿ, ಬೇಕಾದ್ದನ್ನು ಕತ್ತರಿಸಿ, ಮೈದಾ ಅಂಟು ಹಚ್ಚಿ ಆಯಾ ತಾರೀಖಿನ ಪುಟಕ್ಕೆ ಅಂಟಿಸುವರು. ಹಿಂದಿನ ಸಂಜೆ ಅದರಿಂದ ಒಂದು ಚೀಟಿ ಬರೆದು ಯಾರ ಕೈಗಾದರೂ ಕೊಟ್ಟರೆ, ರಾತ್ರಿ ಲಾಟೀನಿನ ಮುಂದೆ ಕೂತು ಅದನ್ನು ಉರು ಹೊಡೆಯಬೇಕು. ಬೆಳಿಗ್ಗೆ ಗಂಟಲು ಕಟ್ಟಿತೋ, ಇಡೀ ಶಾಲೆಯ ಮುಂದೆ ಮಾನ ಹೋಯಿತು.

ಆ ಚೀಟಿಗಳಲ್ಲಿ ನಮಗೆ ರುಚಿ ಹತ್ತಿದ್ದು ಒಂದೇ ದಿನಕ್ಕೆ ಎರಡು ಸಂಗತಿ ಬಂದು ಕೂತಾಗ. ಅಕ್ಟೋಬರ್ 2 ಗಾಂಧೀಜಿ ಹುಟ್ಟಿದ ದಿನ, ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಹುಟ್ಟಿದ್ದೂ ಅಂದೇ. ಒಬ್ಬರದು 1869, ಇನ್ನೊಬ್ಬರದು 1904. ಆದರೆ ಎಲ್ಲಕ್ಕಿಂತ ಮೈ ಜುಮ್ಮೆನಿಸುತ್ತಿದ್ದದ್ದು ಸಂಗೊಳ್ಳಿ ರಾಯಣ್ಣನ ಲೆಕ್ಕ. ರಾಯಣ್ಣ ಹುಟ್ಟಿದ್ದು ಆಗಸ್ಟ್ 15ರಂದು ಎನ್ನುತ್ತಾರೆ. ನಂದಗಡದಲ್ಲಿ ಅವನನ್ನು ನೇಣಿಗೇರಿಸಿದ್ದು 1831ರ ಜನವರಿ 26ರಂದು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಹುಟ್ಟಿ, ಗಣರಾಜ್ಯವಾದ ದಿನ ಜೀವ ಕೊಟ್ಟವನು! ನೂರು ವರ್ಷ ಮುಂಚೆಯೇ ಅವನಿಗೆ ಯಾರು ಹೇಳಿದ್ದರು ಎಂದು ಒಬ್ಬ ಹುಡುಗ ಎದ್ದು ಕೇಳಿದ. 'ಅವನಿಗೆ ಯಾರೂ ಹೇಳಿರಲಿಲ್ಲ ಕಣಪ್ಪ, ಅದಕ್ಕೇ ನಿನಗೆ ಹೇಳ್ತಿರೋದು' ಅಂದರು ಮೇಷ್ಟ್ರು.

ನಮ್ಮ ಸೀಮೆಗೆಂದೇ ಮೀಸಲಾದ ಒಂದು ಪುಟವೂ ಆ ಡೈರಿಯಲ್ಲಿತ್ತು. ಅದು ನವೆಂಬರ್ 26. ದೇಶದ ಸಂವಿಧಾನವನ್ನು ಸಂವಿಧಾನ ಸಭೆ ಅಂಗೀಕರಿಸಿದ್ದು 1949ರ ಆ ದಿನ. ಅದೇ ತಾರೀಖು, 1906ರಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದವರು ತೀ.ನಂ. ಶ್ರೀಕಂಠಯ್ಯ. 'ಭಾರತೀಯ ಕಾವ್ಯಮೀಮಾಂಸೆ' ಬರೆದ ಅದೇ ತೀ.ನಂ.ಶ್ರೀ. ಸಂವಿಧಾನವನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಅವರ ಕೈ ಇತ್ತು. 'ರಾಷ್ಟ್ರಪತಿ' ಅನ್ನುವ ಮಾತನ್ನು ಸೂಚಿಸಿದವರು ಅವರೇ ಎಂದು ನಮ್ಮ ಕಡೆಯ ಹಿರಿಯರು ಎದೆಯುಬ್ಬಿಸಿ ಹೇಳುತ್ತಿದ್ದರು. ತೀರ್ಥಪುರಕ್ಕೆ ನೆಂಟರ ಮನೆಗೆ ಹೋಗಿಬಂದ ಹುಡುಗನೊಬ್ಬ ತಾನೇ ಸಂವಿಧಾನ ಬರೆದವನ ಹಾಗೆ ಒಂದು ವಾರ ತರಗತಿಯಲ್ಲಿ ಮೆರೆದಿದ್ದ. ಅದರಲ್ಲಿ ತಪ್ಪೇನಿದೆ? ದೆಹಲಿಯ ತಾರೀಖಿನೊಳಗೆ ನಮ್ಮ ಪಕ್ಕದೂರಿನವರೊಬ್ಬರು ಇದ್ದಾರೆ ಅಂತ ಗೊತ್ತಾದ ಮೇಲೆ ಆ ತಾರೀಖು ಪರೀಕ್ಷೆಗೆ ಓದುವ ವಿಷಯವಾಗಿ ಉಳಿಯಲಿಲ್ಲ.

ಏಪ್ರಿಲ್ 1ಕ್ಕೂ ಹೀಗೇ. ಬೇರೆ ಕಡೆ ಅದು ಮೂರ್ಖರ ದಿನ. ತುಮಕೂರು ಜಿಲ್ಲೆಯಲ್ಲಿ ಅದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ ದಿನ, 1907. ನಮ್ಮ ಪ್ರತಿ ಊರಿನಲ್ಲೂ ಮಠದಲ್ಲಿ ಉಂಡು ಓದಿದವನೊಬ್ಬ ಇದ್ದೇ ಇರುತ್ತಿದ್ದ. ಅಂದು ಯಾರನ್ನಾದರೂ ಏಪ್ರಿಲ್ ಫೂಲ್ ಮಾಡಲು ಹೋದರೆ, ಮಠದಲ್ಲಿ ಓದಿ ಬಂದ ನಮ್ಮ ಡ್ರಿಲ್ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಇನ್ನು ಏಪ್ರಿಲ್ 24, ರಾಜ್‌ಕುಮಾರ್ ಹುಟ್ಟುಹಬ್ಬ. ಬೇಸಿಗೆ ರಜೆಯಾದ್ದರಿಂದ ಚೀಟಿಯ ಕಾಟವಿಲ್ಲ. 'ಬೇಡರ ಕಣ್ಣಪ್ಪ'ದಲ್ಲಿ ಅವರ ಜೊತೆಗೆ ನಟಿಸಿದ ನರಸಿಂಹರಾಜು ತಿಪಟೂರಿನವರು. ಹಾಗಾಗಿ ಅಣ್ಣಾವ್ರ ಹಬ್ಬದಲ್ಲಿ ನಮ್ಮದೂ ಒಂದು ಪಾಲು ಇದೆ ಎಂದು ಟೆಂಟ್ ಸಿನಿಮಾದ ನೆಲದ ಮೇಲೆ ಕೂತು ವಾದ ಮಾಡುತ್ತಿದ್ದೆವು.

ಇವೆಲ್ಲ ಒಂದು ತೂಕವಾದರೆ ನವೆಂಬರ್ 1 ಇನ್ನೊಂದು ತೂಕ.

ಆ ಹೊತ್ತಿಗೆ ನಮ್ಮ ಕಡೆ ಮುಂಗಾರು ಮಳೆ ಹಿಂದೆ ಸರಿದು, ಬೆಳಗಿನ ಇಬ್ಬನಿ ಶುರುವಾಗಿರುತ್ತದೆ. ಹೊಲದಲ್ಲಿ ರಾಗಿ ತೆನೆ ಬಲಿಯುತ್ತಿರುತ್ತದೆ, ಸಾಲಿನಲ್ಲಿ ಅವರೆ ಹೂ ಬಿಟ್ಟಿರುತ್ತದೆ. ಅಕ್ಟೋಬರ್ ಕೊನೆಯ ದಿನ ಮಧ್ಯಾಹ್ನದ ಮೇಲೆ ಪಾಠ ಇಲ್ಲ. ದೊಡ್ಡ ಹುಡುಗರು ತೋಟಕ್ಕೆ ಹೋಗಿ ಹಸಿ ಗರಿ ಇಳಿಸಿಕೊಂಡು ಬರಬೇಕು. ಮಾಲೀಕರು ಮರ ಹತ್ತಲು ಬಿಡುತ್ತಿರಲಿಲ್ಲ, ಕಾಯಿ ಕೀಳುವವರೇ ಒಂದೆರಡು ಗರಿ ಕಡಿದು ಕೆಡವುವರು. ಗರಿಯನ್ನು ನಡುವೆ ಸೀಳಿ, ಎರಡು ಸೀಳನ್ನೂ ಎದುರುಬದುರು ನಿಲ್ಲಿಸಿ, ತುದಿ ಬಾಗಿಸಿ ಹುರಿಯಿಂದ ಕಟ್ಟಿದರೆ ಶಾಲೆಯ ಬಾಗಿಲಿಗೆ ಕಮಾನು ಆಯಿತು. ನಡುವೆ ಒಂದು ಹೊಂಬಾಳೆ ಇಳಿಬಿಟ್ಟರೆ ಅರಮನೆಗೂ ಕಡಿಮೆಯಿಲ್ಲ. ಬಾವುಟಕ್ಕೆ ಗಾಳಿಪಟದ ಹಳದಿ, ಕೆಂಪು ಕಾಗದ. ಆ ಬಾವುಟವನ್ನು ಕನ್ನಡಿಗರಿಗೆ ಕೊಟ್ಟವರು ಮ. ರಾಮಮೂರ್ತಿ ಎಂದು ಚೀಟಿಯಲ್ಲಿತ್ತು. ಹಳದಿ ಮೇಲೋ ಕೆಂಪು ಮೇಲೋ ಎಂಬ ಜಗಳ ಮಾತ್ರ ವರ್ಷವೂ ಹೊಸದಾಗಿ ಎದ್ದು, ಮೇಷ್ಟ್ರು ಬಂದು 'ಹಳದಿ ಮೇಲೆ' ಅಂದ ಮೇಲೇ ನಿಲ್ಲುತ್ತಿತ್ತು.

ಬೆಳಿಗ್ಗೆ ಭುವನೇಶ್ವರಿ ಪಟ ಎತ್ತಿನ ಗಾಡಿಯ ಮೇಲೆ. ಗಾಡಿಯ ಮುಂದೆ ಊರಿನ ಸೋಮನ ಕುಣಿತದವರು, ಅವರ ಮುಂದೆ ಅರೆ, ತಮಟೆ. ಒನಕೆ ಓಬವ್ವನ ವೇಷದ ಹುಡುಗಿಯ ಕೈಯಲ್ಲಿ ಅವಳ ಮನೆಯ ಅಸಲಿ ಒನಕೆ. ಅದು ಎಷ್ಟು ಭಾರವೆಂದರೆ ಅರ್ಧ ದಾರಿಗೆ ಅವಳ ಅಪ್ಪನೇ ಹೊತ್ತುಕೊಂಡು ಪಕ್ಕದಲ್ಲಿ ನಡೆಯುತ್ತಿದ್ದ. ಮಸಿಯ ಮೀಸೆಯ ಕೃಷ್ಣದೇವರಾಯ ಬೆವರಿಗೆ ಕರಗಿ ಊರು ಸುತ್ತುವಷ್ಟರಲ್ಲಿ ಬೇರೆ ಯಾರೋ ಆಗಿಬಿಡುತ್ತಿದ್ದ. ಮೆರವಣಿಗೆ ವಾಪಸ್ಸು ಬಂದ ಮೇಲೆ ಹಂಚುತ್ತಿದ್ದದ್ದು ಕೊಬ್ಬರಿ, ಬೆಲ್ಲ, ಹುರಿಗಡಲೆ. ಲಾಡು, ಜಹಾಂಗೀರು ಆಮೇಲಿನ ಕಾಲದ್ದು.

ಆ ಕೊಬ್ಬರಿಯ ಮಾತು ಇಲ್ಲಿ ಹೇಳಲೇಬೇಕು. ಬೇರೆ ಊರಿನವರು ತಿಳಿದಿರುವ ಒಡೆದ ಬಟ್ಟಲು ಕೊಬ್ಬರಿ ಅದಲ್ಲ, ನಮ್ಮದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಕೆಳಗಿನ ಒಲೆಯ ಹೊಗೆ, ಬಿಸಿ ಅದಕ್ಕೆ ತಾಗುತ್ತಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡಾಗ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಆಗ ಸುಲಿದು, ಚಿಪ್ಪು ಒಡೆದು, ಉಂಡೆಗೆ ಪೆಟ್ಟಾಗದ ಹಾಗೆ ತೆಗೆಯಬೇಕು. ನಮ್ಮ ಅಜ್ಜಿಯಂಥವರು ಇಡೀ ರಾಶಿಯಲ್ಲಿ ಕಿವಿಯಿಂದಲೇ ಆರಿಸುತ್ತಿದ್ದರು. 'ಇದಿನ್ನೂ ಹಸಿ, ಅಟ್ಟಕ್ಕೆ ಹಾಕು' ಎಂದು ತಳ್ಳಿದ ಕಾಯಿ ಒಡೆದು ನೋಡಿದರೆ ಹಸಿಯೇ ಇರುತ್ತಿತ್ತು. ಆ ಉಂಡೆಗಳು ತಿಪಟೂರು ಮಂಡಿಯ ದಾರಿ ಹಿಡಿದು, ಅಲ್ಲಿಂದ ಲಾರಿ ಹತ್ತಿ ಉತ್ತರ ಭಾರತಕ್ಕೆ ಹೋಗುತ್ತಿದ್ದವು. ಈ ನವೆಂಬರಿನಲ್ಲಿ ನಾವು ತಿಂದ ಕೊಬ್ಬರಿ ಹಿಂದಿನ ವರ್ಷದ ಕಾಯಿ.

ಊರಿನ ಹಿರಿಯರ ಬಾಯಲ್ಲಿ ನವೆಂಬರ್ ಒಂದರ ನೆನಪೂ ಹಾಗೇ ಹಿಂದಿನ ಕಾಯಿಯದೇ. ಅವರು ಹೇಳುತ್ತಿದ್ದದ್ದು 1956ರ ಮಾತು. ಅಂದು ಗುರುವಾರ, ದೀಪಾವಳಿಯ ಹೊತ್ತು. ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ವಿಶಾಲ ಮೈಸೂರು ರಾಜ್ಯವನ್ನು ಉದ್ಘಾಟಿಸಿದರು. ಹಿಂದಿನ ದಿನದವರೆಗೆ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರು ಅಂದಿನಿಂದ ರಾಜ್ಯಪಾಲರು. ಎರಡೂವರೆ ತಿಂಗಳೂ ತುಂಬದೆ ಕಡಿದಾಳ್ ಮಂಜಪ್ಪನವರ ಸರ್ಕಾರ ಮುಗಿದು ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಮುಂಬಯಿ, ಹೈದರಾಬಾದ್, ಮದರಾಸುಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳು, ಜೊತೆಗೆ ಕೊಡಗು, ಎಲ್ಲ ಸೇರಿ 19 ಜಿಲ್ಲೆಗಳ ರಾಜ್ಯ.

ಧಾರವಾಡದ ಕಡೆಯವರಿಗೆ ಅದು ಜನ್ಮಾಂತರದ ಕನಸು ಕೈಗೂಡಿದ ದಿನ. ನಮ್ಮ ಕಡೆ? ನಾವು ಮೊದಲಿನಿಂದಲೂ ಮೈಸೂರಿನವರು. ಹೊಸದಾಗಿ ಯಾವ ಗಡಿ ದಾಟಬೇಕಾಗಿಯೂ ಇರಲಿಲ್ಲ. ಹಳೇ ಮೈಸೂರಿನ ರಾಜಕಾರಣಿಗಳಲ್ಲಿ ಏಕೀಕರಣ ಬೇಡ, ಎರಡು ಕನ್ನಡ ರಾಜ್ಯಗಳೇ ಇರಲಿ ಎಂದವರೂ ಇದ್ದರು. ನನ್ನ ತಂದೆಯ ಸೋದರಮಾವ ಅಂಥ ಮಾತಿಗೆ ತಲೆದೂಗುತ್ತಿದ್ದವರು. 'ನಮ್ಮ ಕೆರೆ ನೀರು ನಮಗೇ ಸಾಲದು, ಇನ್ನು ಬಂದವರಿಗೆಲ್ಲ ಎಲ್ಲಿಂದ ತರೋದು' ಅನ್ನುವುದು ಅವರ ವಾದ. ಕೆಲವು ವರ್ಷ ಕಳೆದು ಅವರ ಮಗಳನ್ನು ಹಾವೇರಿ ಕಡೆ ಕೊಟ್ಟರು. ಮೊಮ್ಮಗ ಬಂದು 'ಅಜ್ಜಾ, ಏನ್ ಮಾಡಾಕತ್ತೀರಿ' ಎಂದಾಗ ಅವರ ಏಕೀಕರಣ ಮುಗಿಯಿತು. ಆಮೇಲೆ ನಮ್ಮ ಮೆರವಣಿಗೆಯಲ್ಲಿ ಗಾಡಿಗೆ ಎತ್ತು ಕಟ್ಟುತ್ತಿದ್ದವರು ಅವರೇ.

ಅದೇ ಗುರುವಾರ ಒಬ್ಬರ ಹಬ್ಬ ಇನ್ನೊಬ್ಬರ ನೋವಾದದ್ದು ಮಾತ್ರ ಮೇಷ್ಟ್ರ ಚೀಟಿಯಿಂದಲೇ ನಮಗೆ ಗೊತ್ತಾಗಿದ್ದು. ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ ಅಂದು ಮೂರು ಪಾಲಾಯಿತು. ಮಂಗಳೂರು, ಉಡುಪಿ ಕಡೆ ನಮ್ಮ ರಾಜ್ಯಕ್ಕೆ ಬಂದವು. ಕಾಸರಗೋಡು ಅದೇ ದಿನ ಹುಟ್ಟಿದ ಕೇರಳಕ್ಕೆ ಹೋಯಿತು. ಮಂಗಳೂರಿನಿಂದಲೇ ಆಡಳಿತ ನಡೆಯುತ್ತಿದ್ದ ಅಮೀನ್‌ದೀವಿ ದ್ವೀಪಗಳು ಲಕ್ಷದೀವಿ, ಮಿನಿಕಾಯ್‌ಗಳ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಮೂರೂ ತೆಂಗಿನ ಸೀಮೆಗಳೇ. ತೆಂಗಿನ ಸಂಶೋಧನೆಗೆಂದು 1916ರಷ್ಟು ಹಿಂದೆಯೇ ಕೇಂದ್ರ ತೆರೆದದ್ದು ಕಾಸರಗೋಡಿನಲ್ಲಿ. ನಮ್ಮ ತಿಪಟೂರು ಎತ್ತರದ ತಳಿಯ ಗುಣ ಹೇಳುವ ಪಂಡಿತರೂ ಆ ಊರಿನ ಹೆಸರು ಎತ್ತದೆ ಮಾತು ಮುಗಿಸುತ್ತಿರಲಿಲ್ಲ. ಮೆರವಣಿಗೆಯ ದಿನ ಕಾಸರಗೋಡಿನ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ಹೇಳಿ, ಅಲ್ಲಿ ಇನ್ನೂ ಕನ್ನಡಿಗರು ಕಾಯುತ್ತಿದ್ದಾರೆ ಎಂದು ಮೇಷ್ಟ್ರು ದನಿ ತಗ್ಗಿಸುತ್ತಿದ್ದರು. ಚಂದ್ರಗಿರಿ ನದಿಯ ಉತ್ತರದ ಭಾಗ ಕನ್ನಡಿಗರ ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತ್ತು. ಆಯೋಗದ ಮಾತು ಕಾಗದದಲ್ಲೇ ಉಳಿಯಿತು. ಚಂದ್ರಗಿರಿ ಎಲ್ಲಿದೆಯೋ ಕಾಣದ ನಾವು ಅದರ ಹೆಸರನ್ನು ನಮ್ಮ ಶಿಂಷೆಗಿಂತ ಚೆನ್ನಾಗಿ ಉಚ್ಚರಿಸುತ್ತಿದ್ದೆವು.

1956ರಲ್ಲಿ ರಾಜ್ಯ ಒಂದಾದರೂ ಹೆಸರು ಮೈಸೂರೇ ಉಳಿದಿತ್ತು. ಅದು ಬದಲಾದದ್ದು 1973ರ ನವೆಂಬರ್ 1ರಂದು, ಡಿ. ದೇವರಾಜ ಅರಸರ ಕಾಲದಲ್ಲಿ. ಅದೂ ಗುರುವಾರವೇ. ಇದು ನಾವು ಕಣ್ಣಾರೆ ಕಂಡ ನವೆಂಬರ್ ಒಂದು. ನಾನಾಗ ಸಣ್ಣ ತರಗತಿಯ ಹುಡುಗ. ಆ ವರ್ಷದ ಗಾಡಿಗೆ ಎರಡು ಜೊತೆ ಎತ್ತು ಕಟ್ಟಿದ್ದರು, ಹುಯಿಲಗೋಳ ನಾರಾಯಣರಾಯರ ಗೀತೆಯನ್ನು ದಾರಿಯುದ್ದಕ್ಕೂ ಹಾಡಿಸಿದರು. ಚಂದದ ಕೈಬರಹದ ಹುಡುಗಿಯರು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ 'ಕರ್ನಾಟಕ' ಎಂದು ಬರೆದರು. ವಾರಗಟ್ಟಲೆ ಅದನ್ನು ಅಳಿಸಲು ಯಾರಿಗೂ ಮನಸ್ಸು ಬರಲಿಲ್ಲ. ಪೋಸ್ಟ್‌ಕಾರ್ಡಿನಲ್ಲಿ ವಿಳಾಸ ಬರೆಯುವ ನನ್ನ ಅಜ್ಜ ಮಾತ್ರ ಕೊನೆಯವರೆಗೂ ತುಮಕೂರು ಜಿಲ್ಲೆ, ಮೈಸೂರು ಸಂಸ್ಥಾನ ಎಂದೇ ಬರೆದರು. ಕಾಗದಗಳು ಮುಟ್ಟುತ್ತಿದ್ದವು, ಆದ್ದರಿಂದ ಅವರಿಗೆ ಬದಲಾಯಿಸುವ ಕಾರಣ ಕಾಣಲಿಲ್ಲ. ಸಂಗತಿಯೆಂದರೆ, ಅದೇ ದಿನ ಅಮೀನ್‌ದೀವಿ ಸೇರಿದ್ದ ಆ ದ್ವೀಪಗಳಿಗೂ ಹೊಸ ಹೆಸರು ಬಂತು: ಲಕ್ಷದ್ವೀಪ. 1956ರಲ್ಲಿ ಒಂದೇ ಜಿಲ್ಲೆಯಿಂದ ಬೇರೆಯಾದವರು 1973ರಲ್ಲಿ ಒಂದೇ ದಿನ ಹೆಸರು ಬದಲಾಯಿಸಿಕೊಂಡರು. ಇದನ್ನು ಮೇಷ್ಟ್ರು ಮರುವರ್ಷದ ಚೀಟಿಗೆ ಸೇರಿಸಿದಾಗ ಚೀಟಿ ಎರಡು ಪುಟವಾಯಿತು.

ಅದು ಹಿಗ್ಗುತ್ತಲೇ ಹೋಯಿತು. 1954ರ ನವೆಂಬರ್ 1ರಂದು ಫ್ರೆಂಚರು ಪುದುಚೇರಿಯ ಆಡಳಿತ ಬಿಟ್ಟುಕೊಟ್ಟಿದ್ದರು. 1956ರ ಅದೇ ದಿನ ಹೈದರಾಬಾದಿನಲ್ಲಿ ಆಂಧ್ರಪ್ರದೇಶ ಹುಟ್ಟಿತು. ನಮ್ಮ ಜಿಲ್ಲೆಯ ಪಾವಗಡ, ಮಧುಗಿರಿಗಳಿಗೆ ಅಂಟಿಕೊಂಡೇ ಇರುವ ಮಡಕಶಿರದ ಕನ್ನಡಿಗರು ಆ ಕಡೆಯೇ ಉಳಿದರು. 1966ರಲ್ಲಿ ಹರಿಯಾಣ. ಎಷ್ಟೋ ಹಿಂದೆ, 1858ರ ನವೆಂಬರ್ 1ರಂದು, ಕಂಪನಿ ಸರ್ಕಾರ ಹೋಗಿ ವಿಕ್ಟೋರಿಯಾ ರಾಣಿಯ ಆಳ್ವಿಕೆ ಬಂತೆಂದು ಅಲಹಾಬಾದಿನಲ್ಲಿ ಘೋಷಣೆ ಓದಿದ್ದರು. ಸಾಮ್ರಾಜ್ಯ ಗಟ್ಟಿಯಾದ ತಾರೀಖಿನಲ್ಲೇ, ನೂರು ವರ್ಷವೂ ತುಂಬುವ ಮೊದಲು, ಜನ ತಮ್ಮ ತಮ್ಮ ಭಾಷೆಯ ರಾಜ್ಯ ಕಟ್ಟಿಕೊಂಡರು. ಹೀಗೆ ಎರಡನ್ನೂ ಒಂದೇ ಚೀಟಿಯಲ್ಲಿ ಓದಿದ ಮೇಲೆ ಇತಿಹಾಸದ ಪುಸ್ತಕ ನಮಗೆ ಬೇಸರ ತರಿಸಲಿಲ್ಲ.

ಮೂರನೆಯ ಗುರುವಾರ 1984ರದು. ಅಷ್ಟು ಹೊತ್ತಿಗೆ ನಾವು ತಿಪಟೂರಿನಲ್ಲಿ ರೂಮು ಮಾಡಿಕೊಂಡು ಕಾಲೇಜು ಓದುತ್ತಿದ್ದ ದೊಡ್ಡವರು. ಅಕ್ಟೋಬರ್ 31, ಸರ್ದಾರ್ ಪಟೇಲರು ಹುಟ್ಟಿದ ದಿನ. ರಾಜ್ಯೋತ್ಸವಕ್ಕೆ ನಾಟಕದ ತಾಲೀಮು ನಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ಗುಸುಗುಸು, ಬೀಡಾ ಅಂಗಡಿಯ ಟ್ರಾನ್ಸಿಸ್ಟರಿನ ಸುತ್ತ ಜನ. ಸಂಜೆ ಆಕಾಶವಾಣಿ ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿಯನ್ನು ಖಚಿತಪಡಿಸಿತು. ನೆರೆಯ ಚಿಕ್ಕಮಗಳೂರಿನಿಂದ 1978ರಲ್ಲಿ ಗೆದ್ದು ಹೋದವರು ಅವರು. ನಮ್ಮ ಕಡೆಯ ಹೆಂಗಸರಿಗೆ ಇಂದಿರಮ್ಮ. ಬಿ.ಎಚ್. ರಸ್ತೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಉತ್ತರಕ್ಕೆ ಲೋಡು ಕಳಿಸಿದ್ದ ಮಂಡಿಯವರ ಮುಖದಲ್ಲಿ ಬೇರೆಯೇ ಕಳವಳ. ಲಾರಿ ಎಲ್ಲಿ ಸಿಕ್ಕಿಕೊಂಡಿದೆಯೋ, ಡ್ರೈವರು ಏನಾದನೋ. ಮರುದಿನದ ಗುರುವಾರ ಕಮಾನು ಕಟ್ಟಿತ್ತು, ಮೆರವಣಿಗೆ ಹೊರಡಲಿಲ್ಲ. ಕೃಷ್ಣದೇವರಾಯನ ವೇಷಕ್ಕೆ ತಂದ ಬಾಡಿಗೆಯ ಕಿರೀಟವನ್ನು ಗೆಳೆಯನೊಬ್ಬ ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಯಾರೂ ನೋಡದ ಹಾಗೆ ವಾಪಸ್ಸು ಕೊಟ್ಟು ಬಂದ.

ಆಮೇಲೆ ನಮ್ಮ ಗುಂಪು ಚದುರಿತು. ಒಬ್ಬ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಗೆ ಸೇರಿದ, ಹಲವರು ಬೆಂಗಳೂರಿಗೆ ಹೋದರು, ಇಬ್ಬರು ಮೂವರು ತೋಟದಲ್ಲೇ ಉಳಿದು ನುಸಿ ರೋಗಕ್ಕೂ ಬರಕ್ಕೂ ಎದೆಕೊಟ್ಟರು. ನವೆಂಬರ್ 1 ಮಾತ್ರ ತನ್ನ ಕೆಲಸ ಮಾಡುತ್ತಲೇ ಇತ್ತು. 2000ದಲ್ಲಿ ಛತ್ತೀಸಗಡ ಹುಟ್ಟಿತು. 2014ರಲ್ಲಿ ರಾಜ್ಯದ ಹನ್ನೆರಡು ಊರುಗಳು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಮರಳಿದವು, ಅದರಲ್ಲಿ ನಮ್ಮ ತುಮಕೂರೂ ಒಂದು. ಈಗ ತೆಂಗಿಗೂ ಒಂದು ದಿನವಿದೆ: ಸೆಪ್ಟೆಂಬರ್ 2, ವಿಶ್ವ ತೆಂಗು ದಿನ. ಏಷ್ಯಾ ಪೆಸಿಫಿಕ್ ತೆಂಗು ಸಮುದಾಯ 1969ರಲ್ಲಿ ಸ್ಥಾಪನೆಯಾದ ನೆನಪಿಗೆ ಅದು. ಇಲಾಖೆಯವರು ಸಭೆ ಮಾಡುತ್ತಾರೆ, ಶಾಲು ಹೊದಿಸುತ್ತಾರೆ, ಊಟವೂ ಚೆನ್ನಾಗಿರುತ್ತದೆ. ಆದರೂ ತೋಟದಲ್ಲಿ ಕಾಯಿ ಕೀಳುವವನನ್ನು ನಿಲ್ಲಿಸಿ ಕೇಳಿದರೆ ಆ ತಾರೀಖು ಅವನಿಗೆ ಗೊತ್ತಿರುವುದಿಲ್ಲ. ನವೆಂಬರ್ ಒಂದು ಎಂದರೆ, ತಾನು ಐದನೇ ಕ್ಲಾಸಿನಲ್ಲಿ ಕೆಂಪೇಗೌಡನಾಗಿದ್ದೆ ಅನ್ನುತ್ತಾನೆ.

ಇಷ್ಟು ವರ್ಷದ ಮೇಲೆ ನನಗೆ ಅನ್ನಿಸುವುದು ಇದೇ. ಒಂದು ತಾರೀಖಿಗೆ ಎಷ್ಟು ದೊಡ್ಡ ಘಟನೆಗಳು ಸೇರಿಕೊಂಡರೂ, ನಮ್ಮ ಬೀದಿಯವರೊಬ್ಬರು ಅದರೊಳಗೆ ಕಾಲಿಡದ ಹೊರತು ಅದು ನಮ್ಮದಾಗುವುದಿಲ್ಲ. ರಾಜೇಂದ್ರ ಪ್ರಸಾದರು, ನಿಜಲಿಂಗಪ್ಪನವರು, ಅರಸು ಪುಸ್ತಕದಲ್ಲಿದ್ದಾರೆ. ಅವರ ನೆನಪು ಕಾಯಲು ಸರ್ಕಾರವಿದೆ. ಮಗಳನ್ನು ಹಾವೇರಿಗೆ ಕೊಟ್ಟು ಏಕೀಕರಣ ಒಪ್ಪಿಕೊಂಡ ಮಾವ, ಮಗಳ ಒನಕೆ ಹೊತ್ತು ನಡೆದ ಅಪ್ಪ ಯಾವ ಪುಸ್ತಕದಲ್ಲೂ ಇಲ್ಲ. ಈಗ ಫೋನಿಗೆ ಬೆಳಿಗ್ಗೆ ಬೆಳಿಗ್ಗೆಯೇ 'ಇತಿಹಾಸದಲ್ಲಿ ಈ ದಿನ' ಬಂದು ಬೀಳುತ್ತದೆ. ಲಿಸ್ಬನ್ನಿನ ಭೂಕಂಪ 1755ರ ನವೆಂಬರ್ 1ರಂದು ಆಯಿತೆಂದು ಅದೇ ನನಗೆ ಹೇಳಿದ್ದು. ಸಂತೋಷ. ಆದರೆ ಹಾಲ್ಕುರಿಕೆಯಲ್ಲೋ ಹುಳಿಯಾರಿನಲ್ಲೋ ಮಾಯಸಂದ್ರದಲ್ಲೋ ಅಂದು ಏನು ನಡೆಯಿತು ಎಂದು ಅದಕ್ಕೆ ಯಾರು ಹೇಳಬೇಕು?

1956ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. 1973ರಲ್ಲಿ ಗಾಡಿಯ ಹಿಂದೆ ಓಡಿದ ನಾವೂ ಅರವತ್ತು ದಾಟಿದ್ದೇವೆ. ಈ ಸಲದ ರಾಜ್ಯೋತ್ಸವಕ್ಕೆ ಡಿಜೆ, ಫ್ಲೆಕ್ಸ್ ಏನು ಬೇಕಾದರೂ ಇರಲಿ, ಅದರ ಹಿಂದಿನ ವಾರ ನಿಮ್ಮೂರಿನ ಒಬ್ಬ ಹಿರಿಯರ ಮುಂದೆ ಶಾಲೆಯ ಮಕ್ಕಳನ್ನು ಕೂರಿಸಿ. ಆ ದಿನ ನೀವೆಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ಕೇಳಿಸಿ. ಮಕ್ಕಳು ಊರು, ಹೆಸರು, ಇಸವಿ ಸಮೇತ ಬರೆದುಕೊಳ್ಳಲಿ. ನವೆಂಬರ್ ಒಂದರ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಒಂದು ಮಗು ಎದ್ದು ನಿಂತು ಅದನ್ನೇ ಓದಲಿ. ಮುಂದಿನ ವರ್ಷಕ್ಕೆಂದು ಈ ಕೆಲಸವನ್ನು ತಳ್ಳಬೇಡಿ; ಹೇಳುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.